ಇಟಲಿಯ ಕ್ಯಾಥೊಲಿಕ್ ಸ್ಕೌಟ್ ಚಳವಳಿ: ನಿಷೇಧದ ನಡುವೆ ಉಳಿದ ಪ್ರತಿಜ್ಞೆ

ಸ್ಕೌಟ್ಸ್ ಮತ್ತು ಗೈಡ್ಸ್ ಎಂದೊಡನೆ ನಮ್ಮಲ್ಲಿ ನೆನಪಾಗುವುದು ಶಾಲೆಯ ಮೈದಾನ, ಕೊರಳಿನ ಸ್ಕಾರ್ಫ್ ಮತ್ತು ಸ್ವಾತಂತ್ರ್ಯೋತ್ಸವದ ಪಥಸಂಚಲನ. ಸ್ವಾತಂತ್ರ್ಯಾನಂತರ ಬೇರೆ ಬೇರೆ ಸಂಘಟನೆಗಳು ಒಂದುಗೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸ್ಥಾಪನೆಯಾಯಿತು. ಅದರ ದಳಗಳಲ್ಲಿ ಎಲ್ಲ ಮತಧರ್ಮಗಳ ಮಕ್ಕಳೂ ಜೊತೆಯಾಗಿ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಆದ್ದರಿಂದ ಒಂದು ಧರ್ಮಕ್ಕೆ ಸೇರಿದ ಸ್ಕೌಟ್ ಸಂಸ್ಥೆ ಎಂಬ ಮಾತು ಕನ್ನಡ ಓದುಗರಿಗೆ ತುಸು ವಿಚಿತ್ರವಾಗಿ ಕೇಳಿಸಬಹುದು. ಆದರೆ ಯುರೋಪಿನ ಹಲವು ದೇಶಗಳಲ್ಲಿ ಅತಿ ದೊಡ್ಡ ಸ್ಕೌಟ್ ಸಂಸ್ಥೆಗಳು ಕ್ಯಾಥೊಲಿಕ್ ಸಂಸ್ಥೆಗಳೇ ಆಗಿವೆ. ಅವುಗಳ ಪೈಕಿ ಇಟಲಿಯ ಸಂಸ್ಥೆಯ ಇತಿಹಾಸ ವಿಶಿಷ್ಟವಾದುದು. ಸರ್ಕಾರ ಅದನ್ನು ನಿಷೇಧಿಸಿದಾಗ ಅದನ್ನು ಪೋಷಿಸಿದ ಧರ್ಮಸಭೆಯೂ ಕೈಬಿಡಬೇಕಾಗಿ ಬಂದಿತ್ತು. ಆಗ ಉಳಿದದ್ದು ಕೆಲವು ಹುಡುಗರು ಕೊಟ್ಟಿದ್ದ ಮಾತು ಮಾತ್ರ.

ಅನುಮಾನದಿಂದ ಅನುಮೋದನೆಗೆ

ಬ್ರಿಟಿಷ್ ಸೇನಾಧಿಕಾರಿ ಬೇಡನ್ ಪೊವೆಲ್ 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಪ್ರಾಯೋಗಿಕ ಶಿಬಿರದಿಂದ ಸ್ಕೌಟ್ ಚಳವಳಿ ಆರಂಭಗೊಂಡಿತು. ಕೆಲವೇ ವರ್ಷಗಳಲ್ಲಿ ಅದು ಇಟಲಿಯನ್ನೂ ತಲುಪಿತು. ಕ್ಯಾಥೊಲಿಕ್ ವಲಯಗಳಲ್ಲಿ ಮೊದಮೊದಲು ಅದರ ಬಗ್ಗೆ ಅನುಮಾನವೇ ಹೆಚ್ಚಾಗಿತ್ತು. ಪ್ರೊಟೆಸ್ಟೆಂಟ್ ದೇಶದಲ್ಲಿ ಹುಟ್ಟಿದ ಈ ಪದ್ಧತಿಯು ದೇವರ ಮೇಲಿನ ನಿಷ್ಠೆಯನ್ನು ಕೇಳುತ್ತಿತ್ತೇ ಹೊರತು ಯಾವುದೇ ಒಂದು ಮತದ ಬೋಧನೆಯನ್ನು ಕಡ್ಡಾಯಗೊಳಿಸಿರಲಿಲ್ಲ. ಇಟಲಿಯಲ್ಲಿ ಮೊದಲು ಬೇರೂರಿದ ರಾಷ್ಟ್ರೀಯ ಸ್ಕೌಟ್ ಸಂಸ್ಥೆಯೂ ಮತನಿರಪೇಕ್ಷವಾಗಿತ್ತು.

ಈ ಹಿನ್ನೆಲೆಯಲ್ಲಿ ಕೌಂಟ್ ಮಾರಿಯೋ ದಿ ಕಾರ್ಪೆನ್ಯಾ ಅವರು 1916ರ ಜನವರಿಯಲ್ಲಿ ರೋಮ್ ನಗರದಲ್ಲಿ ಇಟಾಲಿಯನ್ ಕ್ಯಾಥೊಲಿಕ್ ಸ್ಕೌಟ್ ಸಂಘವನ್ನು ಸ್ಥಾಪಿಸಿದರು. ಎ.ಎಸ್.ಸಿ.ಐ. ಎಂಬುದು ಅದರ ಹ್ರಸ್ವನಾಮ. ದಳ, ಪೆಟ್ರೋಲ್, ಶಿಬಿರ, ಪ್ರತಿಜ್ಞೆ, ನಿಯಮ ಇವೆಲ್ಲ ಬೇಡನ್ ಪೊವೆಲ್ ರೂಪಿಸಿದಂತೆಯೇ ಉಳಿದವು. ಜೊತೆಗೆ ಪಾದ್ರಿಯೊಬ್ಬರು ಆಧ್ಯಾತ್ಮಿಕ ಸಹಾಯಕರಾಗಿ ಬಂದರು. ಬಲಿಪೂಜೆ ಮತ್ತು ಪ್ರಾರ್ಥನೆ ಶಿಬಿರದ ದಿನಚರಿಯನ್ನು ಸೇರಿದವು. ದಳದ ನಾಯಕತ್ವ ಮಾತ್ರ ಪಾದ್ರಿಯ ಕೈಗೆ ಹೋಗದೆ ಗೃಹಸ್ಥ ಯುವಕರಲ್ಲಿಯೇ ಉಳಿಯಿತು. ಮುಂದೆ ಬಂದ ಸಂಕಟಕಾಲದಲ್ಲಿ ಈ ಏರ್ಪಾಡು ಬಹಳ ಮುಖ್ಯವಾಯಿತು.

ಮುಸೊಲಿನಿಯ ಕತ್ತರಿ

1922ರ ಅಕ್ಟೋಬರ್‌ನಲ್ಲಿ ಮುಸೊಲಿನಿ ಅಧಿಕಾರಕ್ಕೇರಿದನು. ಮರುವರ್ಷವೇ, 1923ರ ಆಗಸ್ಟ್ 23ರ ರಾತ್ರಿ, ಫೆರಾರಾ ಪ್ರಾಂತ್ಯದ ಅರ್ಜೆಂತಾ ಪಟ್ಟಣದ ಪಾದ್ರಿ ಜೊವಾನ್ನಿ ಮಿಂಜೋನಿ ಅವರನ್ನು ಫ್ಯಾಸಿಸ್ಟ್ ಪಡೆಯವರು ಹೊಡೆದು ಕೊಂದರು. ಪಟ್ಟಣದ ಮಕ್ಕಳು ಫ್ಯಾಸಿಸ್ಟ್ ಬಾಲಸಂಘಟನೆಗೆ ಸೇರದಂತೆ ಅವರು ತಮ್ಮ ಪ್ಯಾರಿಷ್‌ನಲ್ಲಿ ಸ್ಕೌಟ್ ದಳವನ್ನು ಆರಂಭಿಸಿದ್ದರು. ಎಳೆಯರು ಯಾರ ಮಾತು ಕೇಳಿ ಬೆಳೆಯಬೇಕು ಎಂಬ ಪ್ರಶ್ನೆ ಸರ್ವಾಧಿಕಾರಿಗೆ ಎಷ್ಟು ಮುಖ್ಯವೆಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

1926ರ ಏಪ್ರಿಲ್‌ನಲ್ಲಿ ಬಾಲಿಲ್ಲಾ ಎಂಬ ಸರ್ಕಾರಿ ಬಾಲಸಂಘಟನೆಯನ್ನು ಕಾನೂನಿನ ಮೂಲಕ ರಚಿಸಲಾಯಿತು. 1927ರ ಜನವರಿಯಲ್ಲಿ 20,000ಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಲ್ಲಿನ ಸ್ಕೌಟ್ ದಳಗಳು ರದ್ದಾದವು. ಪೋಪ್ 11ನೆಯ ಪಯಸ್ ಅವರು ಸರ್ಕಾರ ಮುಚ್ಚಿಸುವ ಮುನ್ನ ತಾವೇ ಆ ದಳಗಳನ್ನು ವಿಸರ್ಜಿಸಿದರು. 1928ರ ಏಪ್ರಿಲ್ 9ರ ಆದೇಶವು ಉಳಿದೆಲ್ಲ ದಳಗಳನ್ನೂ ರದ್ದುಗೊಳಿಸಿತು.

ಆಗ ವ್ಯಾಟಿಕನ್ ಮತ್ತು ಇಟಲಿ ಸರ್ಕಾರದ ನಡುವೆ ದೊಡ್ಡದೊಂದು ಒಪ್ಪಂದದ ಮಾತುಕತೆ ನಡೆದಿತ್ತು. 1929ರ ಫೆಬ್ರವರಿ 11ರಂದು ಲ್ಯಾಟರನ್ ಒಪ್ಪಂದಗಳಿಗೆ ಸಹಿ ಬಿದ್ದಿತು. ಕ್ಯಾಥೊಲಿಕ್ ಆಕ್ಷನ್ ಎಂಬ ಗೃಹಸ್ಥರ ಬೃಹತ್ ಸಂಘಟನೆಗೆ ಅದರಲ್ಲಿ ಮಾನ್ಯತೆ ದೊರಕಿತು, ಸ್ಕೌಟರಿಗೆ ದೊರಕಲಿಲ್ಲ. ದೊಡ್ಡದನ್ನು ಉಳಿಸಿಕೊಳ್ಳಲು ಚಿಕ್ಕದನ್ನು ಬಿಟ್ಟುಕೊಡಲಾಯಿತು ಎಂದರೆ ಕೆಲವರಿಗೆ ಕಟುವೆನಿಸೀತು. ಆದರೆ ಫಲಿತಾಂಶವನ್ನು ನೋಡಿದರೆ ಬೇರೆ ರೀತಿಯಲ್ಲಿ ಹೇಳುವುದು ಕಷ್ಟ.

ಅಲೆಮಾರಿ ಹದ್ದುಗಳು

ಧ್ವಜಗಳನ್ನು ಒಪ್ಪಿಸಿ ಮನೆಗೆ ಮರಳಬೇಕೆಂಬ ಆದೇಶವನ್ನು ಮಿಲಾನ್ ಮತ್ತು ಮೊಂಜಾ ನಗರಗಳ ಒಂದು ಸಣ್ಣ ಗುಂಪು ಪಾಲಿಸಲಿಲ್ಲ. ಈ ಗುಂಪಿಗೆ ಅಕ್ವಿಲೆ ರಂದಾಜೆ, ಅಂದರೆ ಅಲೆಮಾರಿ ಹದ್ದುಗಳು, ಎಂಬ ಹೆಸರು ಬಂದಿತು. ಅದರ ನಾಯಕ ಜೂಲಿಯೊ ಚೇಸರೆ ಉಚೆಲ್ಲಿನಿ ಆಗ 20ರ ಹರೆಯದ ತರುಣ. ಗುಂಪಿನೊಳಗೆ ಎಲ್ಲರಿಗೂ ಒಂದೊಂದು ಗುಪ್ತನಾಮವಿದ್ದು, ಅವರನ್ನು 'ಕೆಲ್ಲಿ' ಎಂದು ಕರೆಯಲಾಗುತ್ತಿತ್ತು. ಮುಂದೆ ಪಾದ್ರಿಯಾದ ಆಂದ್ರೆಯಾ ಗೆಟ್ಟಿ 'ಬೇಡನ್' ಆದರು. ಫ್ಯಾಸಿಸಂಗಿಂತ ಒಂದು ದಿನವಾದರೂ ಹೆಚ್ಚು ಬಾಳುವುದೇ ತಮ್ಮ ಗುರಿ ಎಂದು ಈ ಹುಡುಗರು ಹೇಳಿಕೊಳ್ಳುತ್ತಿದ್ದರು.

ಅವರ ಪ್ರತಿಭಟನೆಯಲ್ಲಿ ಘೋಷಣೆಯಾಗಲಿ ಕರಪತ್ರವಾಗಲಿ ಇರಲಿಲ್ಲ. ಸಾಮಾನ್ಯ ಉಡುಪಿನಲ್ಲಿ ಹೊರಟು, ಜನಸಂಚಾರವಿಲ್ಲದ ಸ್ಥಳ ತಲುಪಿದ ಮೇಲೆ ಸಮವಸ್ತ್ರ ತೊಡುತ್ತಿದ್ದರು. ಡೇರೆ ಹಾಕಿ, ಅಡುಗೆ ಮಾಡಿ, ಶಿಬಿರಾಗ್ನಿಯ ಸುತ್ತ ಹಾಡುತ್ತಿದ್ದರು. ಹೊಸಬರಿಂದ ಪ್ರತಿಜ್ಞೆ ಸ್ವೀಕರಿಸುತ್ತಿದ್ದರು. ಸಾಮಾನ್ಯ ಕಾಲದಲ್ಲಿ ಯಾರೂ ತಿರುಗಿಯೂ ನೋಡದ ಈ ಚಟುವಟಿಕೆಯೇ ಅಂದು ಅಪರಾಧವಾಗಿತ್ತು. 1930ರ ದಶಕದ ನಡುವಿನಿಂದ ಅವರಿಗೆ ಆಶ್ರಯ ನೀಡಿದ್ದು ಉತ್ತರ ಇಟಲಿಯ ಆಲ್ಪ್ಸ್ ತಪ್ಪಲಿನ ಕೊಡೇರಾ ಕಣಿವೆ. ಕೊಡೇರಾ ಗ್ರಾಮಕ್ಕೆ ವಾಹನಮಾರ್ಗ ಅಂದು ಇರಲಿಲ್ಲ, ಇಂದಿಗೂ ಇಲ್ಲ. ಕಲ್ಲಿನ ಮೆಟ್ಟಿಲುಗಳನ್ನೇರಿ ಕಾಲ್ನಡಿಗೆಯಲ್ಲಿಯೇ ಹೋಗಬೇಕು. ಪೊಲೀಸರು ಅಷ್ಟು ದೂರ ಹತ್ತಿ ಬರುವ ಸಂಭವ ಕಡಿಮೆ ಎಂಬುದು ಹುಡುಗರ ಲೆಕ್ಕಾಚಾರವಾಗಿತ್ತು. 1933ರಲ್ಲಿ ಹಂಗೆರಿಯ ಗೊಡೊಲೊ ಮತ್ತು 1937ರಲ್ಲಿ ನೆದರ್‌ಲ್ಯಾಂಡ್ಸ್‌ನ ವೊಗೆಲೆನ್‌ಜಾಂಗ್‌ನಲ್ಲಿ ನಡೆದ ವಿಶ್ವ ಜಾಂಬೂರಿಗಳಿಗೂ ಅವರಲ್ಲಿ ಕೆಲವರು ಹೋಗಿ ಬಂದರು. ತಮ್ಮ ದೇಶದಲ್ಲಿ ಅಸ್ತಿತ್ವವೇ ಇಲ್ಲದ ಸಂಘದ ಪ್ರತಿನಿಧಿಗಳಾಗಿ ಅವರು ಅಲ್ಲಿ ನಿಂತರು.

ಇದಕ್ಕೆ ಬೆಲೆ ತೆರಬೇಕಾಗದೆ ಇರಲಿಲ್ಲ. 1942ರಲ್ಲಿ ಕೆಲ್ಲಿ ಫ್ಯಾಸಿಸ್ಟರಿಂದ ತೀವ್ರವಾಗಿ ಥಳಿಸಲ್ಪಟ್ಟರು. ಆದರೂ ಗುಂಪು ಚದುರಲಿಲ್ಲ.

1943ರ ಸೆಪ್ಟೆಂಬರ್ 8ರಂದು ಇಟಲಿ ಮಿತ್ರರಾಷ್ಟ್ರಗಳಿಗೆ ಶರಣಾದುದು ಪ್ರಕಟವಾಯಿತು. ಕೂಡಲೇ ಜರ್ಮನ್ ಸೇನೆ ಉತ್ತರ ಇಟಲಿಯನ್ನು ವಶಪಡಿಸಿಕೊಂಡಿತು. ಯಹೂದಿಗಳು, ಸೆರೆಶಿಬಿರಗಳಿಂದ ತಪ್ಪಿಸಿಕೊಂಡ ಯುದ್ಧಕೈದಿಗಳು, ಫ್ಯಾಸಿಸ್ಟ್ ಸೇನೆಗೆ ಸೇರಲೊಲ್ಲದ ತರುಣರು, ರಾಜಕೀಯ ವಿರೋಧಿಗಳು ಹೀಗೆ ಎಲ್ಲರೂ ತಲೆಮರೆಸಿಕೊಳ್ಳಬೇಕಾಯಿತು. ಅವರಿಗೆ ನೆರವಾಗಲು ಗೆಟ್ಟಿ ಮತ್ತು ಇತರ ಪಾದ್ರಿಗಳು ಹದ್ದುಗಳ ಜೊತೆಗೂಡಿ ಆಸ್ಕರ್ ಎಂಬ ರಹಸ್ಯ ಜಾಲವನ್ನು ಕಟ್ಟಿದರು. ನಕ್ಷೆ ಓದುವುದು, ಕತ್ತಲಲ್ಲಿ ದಾರಿ ಕಾಣುವುದು, ಸದ್ದಿಲ್ಲದೆ ಬೆಟ್ಟ ದಾಟುವುದು ಇವರಿಗೆ ಹದಿನೈದು ವರ್ಷಗಳ ಅಭ್ಯಾಸ. ಸುಳ್ಳು ಗುರುತಿನ ಚೀಟಿಗಳನ್ನು ತಯಾರಿಸಿ, 2,000ಕ್ಕೂ ಹೆಚ್ಚು ಮಂದಿಯನ್ನು ಸ್ವಿಟ್ಜರ್ಲೆಂಡಿನ ಗಡಿ ದಾಟಿಸಿದರು. ಈ ಕಾರ್ಯದಲ್ಲಿದ್ದ ಜೊವಾನ್ನಿ ಬಾರ್ಬರೆಸ್ಕಿ 1944ರ ಆಗಸ್ಟ್‌ನಲ್ಲಿ ಪಾದ್ರಿ ದೀಕ್ಷೆ ಪಡೆದ ಬೆನ್ನಲ್ಲೇ ಬಂಧನಕ್ಕೊಳಗಾದರು. ಯುದ್ಧ ಮುಗಿದ ದಿನಗಳಲ್ಲಿ ಇದೇ ಜಾಲವು ಸೇಡಿಗೆ ಗುರಿಯಾಗಿದ್ದ ಸೋತವರಿಗೂ ರಕ್ಷಣೆ ನೀಡಿತು. ಇದು ಎಲ್ಲರಿಗೂ ರುಚಿಸಿದ ಕೆಲಸವಲ್ಲ. ಹದ್ದುಗಳ ಕಥೆಯನ್ನು ಆಧರಿಸಿದ ಇಟಾಲಿಯನ್ ಚಲನಚಿತ್ರವೊಂದು 2019ರಲ್ಲಿ ತೆರೆಕಂಡಿತು.

ಭೂಗತ ಸಮಾಧಿಯಲ್ಲಿ ಗೈಡ್‌ಗಳು

ಹೆಣ್ಣುಮಕ್ಕಳ ಕ್ಯಾಥೊಲಿಕ್ ಗೈಡ್ ಸಂಘ ಹುಟ್ಟಿದ್ದೂ ಇದೇ ಕಾಲದಲ್ಲಿ. 1943ರ ಡಿಸೆಂಬರ್ 28ರಂದು, ಜರ್ಮನ್ ವಶದಲ್ಲಿದ್ದ ರೋಮ್ ನಗರದ ಪ್ರಿಷಿಲ್ಲಾ ಭೂಗತ ಸಮಾಧಿಗಳಲ್ಲಿ ಎಂಟು ಹುಡುಗಿಯರು ಮೊದಲ ಪ್ರತಿಜ್ಞೆ ಸ್ವೀಕರಿಸಿದರು. ಪ್ರಾಚೀನ ಕ್ರೈಸ್ತರು ತಮ್ಮವರನ್ನು ಹೂಳುತ್ತಿದ್ದ ಸ್ಥಳವದು. ಸ್ಕೌಟ್ ಸಂಘದ ಸಂಸ್ಥಾಪಕರ ಕುಟುಂಬದವರೇ ಆದ ಜೂಲಿಯಾನಾ ದಿ ಕಾರ್ಪೆನ್ಯಾ ಇದರ ಮುಂಚೂಣಿಯಲ್ಲಿದ್ದರು. ಹೆಣ್ಣುಮಕ್ಕಳು ಮನೆಯವರ ಕಣ್ಗಾವಲಿಲ್ಲದೆ ಡೇರೆಯಲ್ಲಿ ಮಲಗುವುದು ಅಂದಿನ ಇಟಲಿಯಲ್ಲಿ ಹುಬ್ಬೇರಿಸುವ ಸಂಗತಿಯಾಗಿತ್ತು ಎಂಬುದನ್ನು ಮರೆಯಬಾರದು.

ಯುದ್ಧಾನಂತರ ಎರಡೂ ಸಂಘಗಳು ಬಹಿರಂಗವಾಗಿ ಬೆಳೆದವು. 1974ರ ಮೇ 4ರಂದು ಅವು ವಿಲೀನಗೊಂಡು ಅಜೆಶಿ ಎಂಬ ಹೊಸ ಸಂಸ್ಥೆ ರೂಪುಗೊಂಡಿತು. ಪ್ರತಿಯೊಂದು ಹಂತದಲ್ಲಿಯೂ ಒಬ್ಬ ಪುರುಷ ಮತ್ತು ಒಬ್ಬ ಮಹಿಳೆ ಸಮಾನ ಅಧಿಕಾರದಿಂದ ಜಂಟಿಯಾಗಿ ಹೊಣೆ ಹೊರಬೇಕೆಂಬುದು ಅದರ ವೈಶಿಷ್ಟ್ಯ. ಪಾದ್ರಿಗಳು ಇಲ್ಲಿಯೂ ಸಹಾಯಕರೇ. ಗಂಡುಹೆಣ್ಣು ಮಕ್ಕಳ ಸಹಶಿಕ್ಷಣವನ್ನು ಒಪ್ಪದ ಕೆಲವರು ಹೊರನಡೆದು 1976ರಲ್ಲಿ ಸ್ಕೌಟ್ಸ್ ಆಫ್ ಯುರೋಪ್‌ನ ಇಟಾಲಿಯನ್ ಶಾಖೆಯನ್ನು ಕಟ್ಟಿದರು. ಅಲ್ಲಿ ಹುಡುಗರ ಮತ್ತು ಹುಡುಗಿಯರ ದಳಗಳು ಪ್ರತ್ಯೇಕವಾಗಿವೆ.

ಇತರ ದೇಶಗಳಲ್ಲಿಯೂ ಇಂಥ ವಿಲೀನಗಳು ನಡೆದಿವೆ. ಫ್ರಾನ್ಸಿನಲ್ಲಿ ಜೆಸ್ವಿಟ್ ಪಾದ್ರಿ ಜಾಕ್ ಸೆವೆಂ ಮೊದಲಾದವರು 1920ರಲ್ಲಿ ಆರಂಭಿಸಿದ ಸಂಸ್ಥೆಯು 2004ರಲ್ಲಿ ಕ್ಯಾಥೊಲಿಕ್ ಗೈಡ್ ಸಂಸ್ಥೆಯೊಡನೆ ಒಂದಾಯಿತು. ಅದೇ ವರ್ಷ ಐರ್ಲೆಂಡಿನ ಕ್ಯಾಥೊಲಿಕ್ ಸ್ಕೌಟರು ಇತರ ಮತದವರಿದ್ದ ಸಂಸ್ಥೆಯೊಡನೆ ಬೆರೆತು ತಮ್ಮ ಪ್ರತ್ಯೇಕ ಅಸ್ತಿತ್ವವನ್ನೇ ಕೊನೆಗೊಳಿಸಿದರು.

ಅಜೆಶಿಯ ಇಂದಿನ ಸದಸ್ಯಬಲ ಸುಮಾರು 1,80,000. 8ರಿಂದ 21 ವರ್ಷದವರೆಗಿನ ಮಕ್ಕಳು ಮತ್ತು ಯುವಕ ಯುವತಿಯರನ್ನು ಮೂರು ವಿಭಾಗಗಳಲ್ಲಿ ಸೇರಿಸಿಕೊಳ್ಳಲಾಗುತ್ತದೆ. ಅತಿ ಕಿರಿಯರಿಗೆ ತೋಳಮರಿಗಳು ಎಂಬ ಹೆಸರು. ಕೆಲವು ಗುಂಪುಗಳಲ್ಲಿ ಗುಲಗಂಜಿ ಹುಳುಗಳು ಎಂದೂ ಕರೆಯುತ್ತಾರೆ. ತೋಳಮರಿಗಳ ಆಟಪಾಠಗಳೆಲ್ಲ ಕಿಪ್ಲಿಂಗ್‌ನ ಜಂಗಲ್ ಬುಕ್ ಕಥೆಗಳ ಸುತ್ತ ಹೆಣೆಯಲ್ಪಟ್ಟಿವೆ. ನಮ್ಮ ಮಧ್ಯಪ್ರದೇಶದ ಸಿಯೋನಿ ಕಾಡು ಹೀಗೆ ಇಟಲಿಯ ಪ್ಯಾರಿಷ್ ಸಭಾಂಗಣಗಳಲ್ಲಿ ವಾರಕ್ಕೊಮ್ಮೆ ಜೀವ ತಳೆಯುತ್ತದೆ. ದಳನಾಯಕರೆಲ್ಲರೂ ಸಂಬಳವಿಲ್ಲದ ಸ್ವಯಂಸೇವಕರು. ಮಾಜಿ ಪ್ರಧಾನಿ ಮತ್ತೆಯೋ ರೆಂಜಿ ಕೂಡ ಈ ದಳಗಳಲ್ಲಿ ಬೆಳೆದವರು.

ದಕ್ಷಿಣದಲ್ಲಿ ಈ ಸ್ಕೌಟರು ಎದುರಿಸಬೇಕಾಗಿ ಬಂದ ಶಕ್ತಿ ಬೇರೆಯದು. ನೇಪಲ್ಸ್ ಸಮೀಪದ ಕಸಾಲ್ ದಿ ಪ್ರಿನ್ಸಿಪೆ ಪಟ್ಟಣದಲ್ಲಿ ಅಜೆಶಿಯ ಆಧ್ಯಾತ್ಮಿಕ ಸಹಾಯಕರಾಗಿದ್ದ ಪಾದ್ರಿ ಜುಸೆಪ್ಪೆ ದಿಯಾನಾ ಅವರು ಕಮೊರಾ ಎಂಬ ಅಪರಾಧಿ ಕೂಟದ ವಿರುದ್ಧ ಬಹಿರಂಗವಾಗಿ ಮಾತನಾಡುತ್ತಿದ್ದರು. 1994ರ ಮಾರ್ಚ್ 19ರ ಬೆಳಿಗ್ಗೆ, ಬಲಿಪೂಜೆಗೆ ಅಣಿಯಾಗುತ್ತಿದ್ದಾಗ, ಚರ್ಚಿನೊಳಗೇ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರಿಗೆ 35 ವರ್ಷ. ಪ್ರತಿವರ್ಷ ಆ ದಿನ ಇಟಲಿಯ ವಿವಿಧೆಡೆಗಳಿಂದ ಸ್ಕೌಟರು ಅಲ್ಲಿಗೆ ಬಂದು ಸೇರುತ್ತಾರೆ.