ಡಿಸಿ ಕನ್ವರ್ಷನ್ ಆಗಿದ್ದರೆ ಮನೆ ಕಟ್ಟಬಹುದೇ?

"ಡಿಸಿ ಕನ್ವರ್ಷನ್ ಆಗಿದೆ, ಖಾತಾನೂ ಇದೆ, ಇನ್ನೇನು ಬೇಕು?" ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಆಸುಪಾಸಿನಲ್ಲಿ ಸೈಟು ಹುಡುಕುವವರಿಗೆ ಈ ಮಾತು ಹೊಸದಲ್ಲ. ಆದರೆ ಇದು ಅರ್ಧ ಸತ್ಯ ಮಾತ್ರ. ಯಾವ ಜಮೀನಿನಲ್ಲಿ ಏನು ಕಟ್ಟಬಹುದು ಎಂಬುದನ್ನು ಯಾರು, ಹೇಗೆ ನಿರ್ಧರಿಸುತ್ತಾರೆ ಎಂದು ನೋಡೋಣ.

ನಕ್ಷೆ ಯಾರದು?

ಇದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಇದರಡಿ ಪ್ರತಿ ಯೋಜನಾ ಪ್ರದೇಶಕ್ಕೂ ಒಂದು ಪ್ರಾಧಿಕಾರವಿದ್ದು, ಅದು ಮಾಸ್ಟರ್ ಪ್ಲಾನ್ ಸಿದ್ಧಪಡಿಸುತ್ತದೆ. ಬೆಂಗಳೂರಿನ 'ಪರಿಷ್ಕೃತ ಮಾಸ್ಟರ್ ಪ್ಲಾನ್ 2015' ಬಿಡಿಎ ರೂಪಿಸಿದ್ದು. ಅದಕ್ಕೆ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ನಗರದಾಚೆ ಹೊಸಕೋಟೆ, ಆನೇಕಲ್, ನೆಲಮಂಗಲಗಳಿಗೆ ಪ್ರತ್ಯೇಕ ಯೋಜನಾ ಪ್ರಾಧಿಕಾರಗಳಿವೆ. ನಕ್ಷೆಯಲ್ಲಿ ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಕೃಷಿಗೆ ಹಸಿರು ಹೀಗೆ ಬಣ್ಣಗಳಿರುತ್ತವೆ. ಕಾರ್ಖಾನೆಯ ಹೊಗೆ, ಸದ್ದು, ಲಾರಿಗಳ ಓಡಾಟ ಮನೆಗಳ ಬಾಗಿಲಿಗೆ ಬರದಂತೆ ತಡೆಯುವುದು ಈ ವಿಂಗಡಣೆಯ ಒಂದು ಉದ್ದೇಶ.

ಮೂರು ಒಪ್ಪಿಗೆ, ಮೂರು ಕೆಲಸ

ಭೂ ಪರಿವರ್ತನೆ: 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಪಡೆಯುವ ಅನುಮತಿ. ಇದನ್ನೇ ಡಿಸಿ ಕನ್ವರ್ಷನ್ ಎನ್ನುವುದು.

ಬಡಾವಣೆ ನಕ್ಷೆ: ಜಮೀನನ್ನು ಸೈಟುಗಳಾಗಿ ವಿಂಗಡಿಸಲು ಯೋಜನಾ ಪ್ರಾಧಿಕಾರದ ಒಪ್ಪಿಗೆ ಬೇಕು. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯಗಳಿಗೆ ಜಾಗ ಬಿಡಿಸುವುದು ಈ ಹಂತದಲ್ಲೇ.

ಕಟ್ಟಡ ನಕ್ಷೆ: ಮನೆ ಕಟ್ಟುವ ಮುನ್ನ ಸ್ಥಳೀಯ ಸಂಸ್ಥೆಯಿಂದ ಪಡೆಯುವ ಮಂಜೂರಾತಿ.

ಒಂದು ಇದ್ದರೆ ಇನ್ನೊಂದು ಇದ್ದಂತೆ ಆಗುವುದಿಲ್ಲ. ಇನ್ನು ಖಾತಾ ಆಸ್ತಿ ತೆರಿಗೆಯ ದಾಖಲೆ ಮಾತ್ರ. ಅದು ಮಾಲೀಕತ್ವದ ಪುರಾವೆಯೂ ಅಲ್ಲ, ಕಟ್ಟಲು ಪರವಾನಗಿಯೂ ಅಲ್ಲ.

ಬಣ್ಣ ಬದಲಾಗುವುದಿಲ್ಲವೇ?

ಬದಲಾಗಬಹುದು. ಕಾಯ್ದೆಯ 14ಎ ಕಲಂ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಮೊದಲು ಪ್ರಕಟಣೆ ಹೊರಡಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. "ಮುಂದೆ ಹಳದಿ ಆಗುತ್ತೆ" ಎಂಬ ಭರವಸೆ ನಂಬಿ ಹಸಿರು ವಲಯದಲ್ಲಿ ಹಣ ಹಾಕುವುದು ಜೂಜು.

ಮಾಸ್ಟರ್ ಪ್ಲಾನನ್ನು ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ 2017ರಲ್ಲಿ ಪ್ರಕಟವಾದ 2031ರ ಕರಡು ಜಾರಿಯಾಗಲೇ ಇಲ್ಲ, ಅದನ್ನು ಹಿಂಪಡೆಯಲಾಯಿತು. ಐಟಿ ಕಾರಿಡಾರ್ ಬೆಳೆಯುತ್ತಲೇ ಇತ್ತು, ನಕ್ಷೆ ಮಾತ್ರ ಹಳೆಯದೇ ಉಳಿಯಿತು.

ಕೊಳ್ಳುವ ಮುನ್ನ

ಸರ್ವೆ ನಂಬರ್ ಹಿಡಿದು ಯೋಜನಾ ಪ್ರಾಧಿಕಾರದಲ್ಲಿ ಭೂಬಳಕೆ ಯಾವುದೆಂದು ವಿಚಾರಿಸಿ. 2025ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಯಾದ ಮೇಲೆ ವ್ಯವಸ್ಥೆ ಬದಲಾಗಿರುವುದರಿಂದ, ನಿಮ್ಮ ಜಾಗ ಯಾವ ಕಚೇರಿಗೆ ಸೇರುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ಮಂಜೂರಾದ ಬಡಾವಣೆ ನಕ್ಷೆಯಲ್ಲಿ ನಿಮ್ಮ ಸೈಟಿನ ನಂಬರ್ ಇದೆಯೇ ಎಂದೂ ನೋಡಿ. ಪಾರ್ಕಿಗೆಂದು ಬಿಟ್ಟ ಜಾಗವೇ ನಿಮ್ಮ ಸೈಟಾಗಿದ್ದರೆ, ಯಾವ ಕನ್ವರ್ಷನ್ ಪತ್ರವೂ ಅದನ್ನು ಉಳಿಸದು.