ಮದ್ದು ನಮ್ಮೂರಲ್ಲಿದೆ, ಅಂಜಿಕೆ ಮನಸ್ಸಿನಲ್ಲಿದೆ



ಬೇಗಂಪೇಟೆಯಲ್ಲಿ ಸರ್ ರೊನಾಲ್ಡ್ ರಾಸ್ ಹೆಸರಿನ ಹಳೆಯ ಕಟ್ಟಡವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಾಣುವನ್ನು ಕಂಡರು. ರೋಗ ಹೇಗೆ ಹರಡುತ್ತದೆ ಎಂದು ತಿಳಿದರೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂಬುದೂ ತಿಳಿಯಬೇಕಲ್ಲವೇ? ಎಚ್‌ಐವಿ ವಿಷಯದಲ್ಲಿ ಹಾಗಾಗಲಿಲ್ಲ.

ಭಾರತದಲ್ಲಿ ಈ ಸೋಂಕನ್ನು ಮೊದಲು ಪತ್ತೆ ಹಚ್ಚಿದವರು ಚೆನ್ನೈನ ಡಾ. ಸುನೀತಿ ಸೋಲೋಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ. ಅದು 1986. ಮುಟ್ಟಿದರೆ, ಜೊತೆಗೆ ಕೂತು ಉಂಡರೆ ಇದು ಹರಡುವುದಿಲ್ಲ ಎಂಬುದು ವೈದ್ಯರಿಗೆ ಆಗಲೇ ಗೊತ್ತಿತ್ತು. ಆದರೂ 1989ರಲ್ಲಿ ಗೋವಾದಲ್ಲಿ ಏನಾಯಿತು ನೋಡಿ. ರಕ್ತದಾನ ಮಾಡುತ್ತಿದ್ದ ಡೊಮಿನಿಕ್ ಡಿಸೋಜಾ ಎಂಬ ತರುಣನಿಗೆ ಸೋಂಕಿದೆ ಎಂದು ಗೊತ್ತಾದಾಗ ಪೊಲೀಸರು ಕರೆದೊಯ್ದರು. ಹಳೆಯ ಕ್ಷಯರೋಗ ಆಸ್ಪತ್ರೆಯೊಂದರಲ್ಲಿ 64 ದಿನ ಕೂಡಿ ಹಾಕಿದರು. ಅವರು ಮಾಡಿದ ಅಪರಾಧ ಏನೂ ಇರಲಿಲ್ಲ. ಅಂದಿನ ಗೋವಾ ಕಾನೂನೇ ಹಾಗಿತ್ತು.

ಆಗ ರೋಗವನ್ನು ಹಿಡಿತದಲ್ಲಿಡುವಂಥ ಮದ್ದು ಇರಲಿಲ್ಲವೆನ್ನಿ. 1996ರ ಹೊತ್ತಿಗೆ ಹಲವು ಔಷಧಿಗಳನ್ನು ಒಟ್ಟಿಗೆ ಕೊಡುವ ಚಿಕಿತ್ಸೆ ಬಂತು. ವರ್ಷಕ್ಕೆ 10,000 ಡಾಲರಿಗೂ ಹೆಚ್ಚು ಖರ್ಚು! 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿ 350 ಡಾಲರಿಗೆ ಕೊಡುವೆನೆಂದು ಮುಂದೆ ಬಂತು. ನಂತರ ನಮ್ಮ ಹೈದರಾಬಾದಿನ ಹೆಟೆರೊ, ಅರಬಿಂದೊ ಕಂಪನಿಗಳ ಮಾತ್ರೆಗಳೂ ಆಫ್ರಿಕಾದ ಹಳ್ಳಿಗಳನ್ನು ಮುಟ್ಟಿದವು. 2004ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಶುರುವಾಯಿತು. ಮುಶೀರಾಬಾದಿನ ಗಾಂಧಿ ಆಸ್ಪತ್ರೆಯಲ್ಲೂ ಎಆರ್‌ಟಿ ಕೇಂದ್ರವಿದೆ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ತಡಮಾಡದೆ ಮಾತ್ರೆ ಕೊಡುವ ನೀತಿ ಜಾರಿಯಲ್ಲಿದೆ.

ಕಾನೂನೂ ಬದಲಾಯಿತು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಬಾಡಿಗೆ ಮನೆ, ಚಿಕಿತ್ಸೆ ಇವುಗಳಲ್ಲಿ ಭೇದ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಗುಟ್ಟು ಬಯಲು ಮಾಡುವಂತಿಲ್ಲ.

ಇಷ್ಟಾದರೂ, ಯಾರಾದರೂ ನೋಡಿಯಾರು ಎಂದು ಊರಿನ ಕೇಂದ್ರ ಬಿಟ್ಟು ರೈಲು ಹತ್ತಿ ದೂರದೂರಿಗೆ ಹೋಗಿ ಮಾತ್ರೆ ತರುವವರಿದ್ದಾರೆ. ಒಂದು ತಿಂಗಳು ಹೋಗಲಾಗದಿದ್ದರೆ ಮಾತ್ರೆ ತಪ್ಪುತ್ತದೆ. ತಪ್ಪುತ್ತಾ ಹೋದರೆ ವೈರಸ್ಸು ಮದ್ದಿಗೆ ಬಗ್ಗದಂತಾಗುತ್ತದೆ. ತಪ್ಪದೆ ನುಂಗಿದವರ ರಕ್ತದಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯುತ್ತದೆ. ಅದು ಹಾಗೇ ಇರುವವರೆಗೆ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ತಗಲುವುದಿಲ್ಲ. ಅಂದರೆ, ನಮ್ಮ ಅಂಜಿಕೆಯೇ ರೋಗವನ್ನು ಉಳಿಸುತ್ತಿದೆ!

ಮಲೇರಿಯಾ ಬಂದವರನ್ನು ಯಾವ ಸೊಳ್ಳೆ ಕಚ್ಚಿತು ಎಂದು ನೀವು ವಿಚಾರಿಸುತ್ತೀರಾ? ಇಲ್ಲವಷ್ಟೆ. ನಿಮ್ಮ ಬಂಧುವೋ ನೆರೆಯವರೋ ನಂಬಿ ಹೇಳಿಕೊಂಡ ದಿನ, "ಹೇಗೆ ಬಂತು?" ಎನ್ನಬೇಡಿ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ? ಆಸ್ಪತ್ರೆಗೆ ಜೊತೆಗೆ ಬರಲಾ?" ಎನ್ನಿ. ಮಾಹಿತಿ ಬೇಕಿದ್ದರೆ 1097ಕ್ಕೆ ಉಚಿತವಾಗಿ ಕರೆ ಮಾಡಬಹುದು.