ಫು ಕ್ವೊಕ್ ದ್ವೀಪದ ಪುಟ್ಟ ಬಟ್ಟಲು: ಬಿಲ್ಲಿನಲ್ಲಿ ಬಾರದ ಇತಿಹಾಸ

ಇವತ್ತು ವಿಯೆಟ್ನಾಂನ ಫು ಕ್ವೊಕ್ ದ್ವೀಪಕ್ಕೆ ಹೋಗೋಣ. ಮೀನು ತಿನ್ನದವರು ಆಫ್ ಮಾಡಬೇಡಿ. ನಿಮಗೂ ಒಂದು ಮಾತಿದೆ, ಮುಂದೆ ಬರುತ್ತೆ.

ದ್ವೀಪದ ಪೂರ್ವ ದಡದಲ್ಲಿ ಹಾಮ್ ನಿನ್ ಅನ್ನೋ ಮೀನುಗಾರರ ಹಳ್ಳಿ ಇದೆ. ಸಮುದ್ರದೊಳಗೆ ಚಾಚಿಕೊಂಡ ಹಲಗೆ ಕಟ್ಟೆಗಳ ಮೇಲೆ ಹೋಟೆಲ್‌ಗಳು. ನೀರಿನ ತೊಟ್ಟಿಯಲ್ಲಿ ಜೀವಂತ ಏಡಿ, ಸಿಗಡಿ, ಚಿಪ್ಪು. ನೀವು ಬೊಟ್ಟು ಮಾಡಿ ತೋರಿಸಬೇಕು, ಅವರು ತೂಗಬೇಕು. ಮೆನುವಿನಲ್ಲಿ ಕೆಲವು ಮೀನಿನ ಮುಂದೆ ದರವೇ ಇರಲ್ಲ, 'ಇವತ್ತಿನ ಬೆಲೆ' ಅಂತಷ್ಟೇ ಇರುತ್ತೆ. ತೂಗುವ ಮೊದಲೇ ಕೇಳಿಕೊಳ್ಳಿ, ಆಮೇಲೆ ಜಗಳ ಬೇಡ. ಸ್ವಲ್ಪ ಹೊತ್ತಿಗೆ ಹಬೆಯಲ್ಲಿ ಬೇಯಿಸಿದ ಏಡಿ ಬರುತ್ತೆ. ಜೊತೆಗೆ ಉಪ್ಪು, ನಿಂಬೆರಸ, ಕರಿಮೆಣಸಿನ ಪುಡಿ. ಆ ಮೆಣಸು ದ್ವೀಪದ್ದೇ ಬೆಳೆ, ಚೀನಾದ ಹೈನಾನ್ ಕಡೆಯಿಂದ ಬಂದವರು ನೆಟ್ಟು ಬೆಳೆಸಿದ್ದು. ಬಳ್ಳಿಯ ಮೂಲ ಮಾತ್ರ ನಮ್ಮ ಪಶ್ಚಿಮ ಘಟ್ಟ.

ಇನ್ನೊಂದು ಪುಟ್ಟ ಬಟ್ಟಲೂ ಬರುತ್ತೆ. ಕೆಂಪು ಛಾಯೆಯ ಕಂದು ದ್ರವ, ಅದರಲ್ಲಿ ತೇಲುವ ಮೆಣಸಿನಕಾಯಿ ಚೂರು. ಬಿಲ್ಲಿನಲ್ಲಿ ಅದಕ್ಕೆ ದುಡ್ಡು ಹಾಕಲ್ಲ. ಹೆಚ್ಚಿನ ಪ್ರವಾಸಿಗರು ಏಡಿಯ ಫೋಟೊ ತೆಗೆಯುತ್ತಾರೆ, ಬಟ್ಟಲಿನ ಕಡೆ ನೋಡುವುದಿಲ್ಲ. ನನ್ನ ಪ್ರಕಾರ ದ್ವೀಪದ ಚರಿತ್ರೆ ಕೂತಿರೋದು ಆ ಬಟ್ಟಲಲ್ಲಿ.

ಅದರ ಹೆಸರು ನುವೊಕ್ ಮಾಮ್. 'ನುವೊಕ್' ಅಂದರೆ ನೀರು, 'ಮಾಮ್' ಅಂದರೆ ಉಪ್ಪಲ್ಲಿ ಕೊಳೆಸಿದ ಮೀನು. ನಾವು ಫಿಶ್ ಸಾಸ್ ಅಂತೀವಿ. ಕೊಳೆಸಿದ್ದು ಅಂದಾಕ್ಷಣ ಮುಖ ಸಿಂಡರಿಸಬೇಡಿ, ಇಡ್ಲಿ ಹಿಟ್ಟು ಹುಳಿ ಬರಿಸೋ ನಾವು ಹಾಗೆ ಮಾಡಬಾರದು. ಮಾಡೋ ವಿಧಾನ ಹೀಗೆ. ಬೇಕಾದ ಮೀನು ಬೆರಳುದ್ದದ ಆಂಚೊವಿ, ಮಂಗಳೂರು ಕಡೆ ಬೊಳೆಂಜಿರ್ ಅಂತಾರಲ್ಲ, ಆ ಜಾತಿ. ದೋಣಿಗೆ ಬಲೆ ಎಳೆದ ತಕ್ಷಣ, ದಡಕ್ಕೆ ಬರೋದನ್ನೂ ಕಾಯದೆ, ಅಲ್ಲೇ ಉಪ್ಪು ಬೆರೆಸುತ್ತಾರೆ. ಮೂರು ಪಾಲು ಮೀನಿಗೆ ಸುಮಾರು ಒಂದು ಪಾಲು ಉಪ್ಪು. ಉಪ್ಪು ಮುಖ್ಯಭೂಮಿಯ ಬಾ ರಿಯಾ ಗದ್ದೆಗಳದ್ದು. ಹೊಸ ಉಪ್ಪನ್ನು ಹಾಗೇ ಹಾಕಲ್ಲ, ಕಹಿ ಇಳಿದು ಹೋಗಲಿ ಅಂತ ತಿಂಗಳುಗಟ್ಟಲೆ ರಾಶಿ ಹಾಕಿ ಇಟ್ಟಿರುತ್ತಾರೆ. ಮೀನು ತಾಜಾ ಇರುವಾಗಲೇ ಉಪ್ಪು ಬಿದ್ದಿರುತ್ತಲ್ಲ, ಸಾಸಿನ ಆ ಕೆಂಪು ಬಣ್ಣಕ್ಕೆ ಅದೇ ಕಾರಣ.

ದಡಕ್ಕೆ ಬಂದ ಮೇಲೆ ಎಲ್ಲವೂ ಮರದ ದೊಡ್ಡ ಪೀಪಾಯಿಗೆ. ಮನುಷ್ಯನಿಗಿಂತ ಎತ್ತರ, ಒಂದೊಂದರಲ್ಲಿ ಹತ್ತು ಟನ್‌ವರೆಗೂ ಮೀನು ಹಿಡಿಯುತ್ತೆ. ಹಲಗೆಗಳನ್ನು ಬಿಗಿಯೋದು ಕಬ್ಬಿಣದ ಪಟ್ಟಿಯಿಂದಲ್ಲ, ಹೆಣೆದ ಬೆತ್ತದ ಹಗ್ಗದಿಂದ. ಇಂಥ ಪೀಪಾಯಿಗಳು ಸಾಲಾಗಿ ನಿಂತ ಕಟ್ಟಡಕ್ಕೆ ಅಲ್ಲಿನವರು 'ಪೀಪಾಯಿ ಮನೆ' ಅಂತಲೇ ಕರೀತಾರೆ. ಹನ್ನೆರಡು ತಿಂಗಳು, ಕೆಲವೊಮ್ಮೆ ಹದಿನೈದು, ಮುಚ್ಚಿ ಬಿಡಬೇಕು. ಮೀನಿನದೇ ಕಿಣ್ವಗಳು ಮೀನನ್ನು ಕರಗಿಸುತ್ತವೆ. ಕೆಳಗಿನ ತೂಬಿನಿಂದ ಮೊದಲು ಇಳಿಯೋ ರಸ ಅತ್ಯುತ್ತಮ. ಆಮೇಲೆ ಉಪ್ಪುನೀರು ಹಾಯಿಸಿ ಎರಡನೇ ಸಲ, ಮೂರನೇ ಸಲ ಇಳಿಸುತ್ತಾರೆ, ನಾವು ಒಂದೇ ಕಾಫಿ ಪುಡಿಗೆ ಮತ್ತೆ ನೀರು ಹಾಕಿ ಎರಡನೇ ಡಿಕಾಕ್ಷನ್ ತೆಗೆದ ಹಾಗೆ. ಬಾಟಲಿ ಮೇಲೆ 30, 40 ಅಂತ ಇರೋ ಅಂಕಿ ಒಂದು ಲೀಟರ್‌ನಲ್ಲಿ ಎಷ್ಟು ಗ್ರಾಂ ಸಾರಜನಕ ಇದೆ ಅನ್ನೋದರ ಲೆಕ್ಕ. ಅಂಕಿ ಹೆಚ್ಚಿದಷ್ಟೂ ಮೀನಿನ ಸತ್ವ ಹೆಚ್ಚು.

ಸರಿ, ಈ ಕಸುಬು ಈ ದ್ವೀಪದಲ್ಲೇ ಯಾಕೆ ಬೇರೂರಿತು? ನಕ್ಷೆ ನೋಡಿ. ಫು ಕ್ವೊಕ್ ವಿಯೆಟ್ನಾಂನ ಅತಿ ದೊಡ್ಡ ದ್ವೀಪ, ಆದರೆ ಅದಕ್ಕೆ ಹತ್ತಿರದ ದಡ ವಿಯೆಟ್ನಾಂನದ್ದಲ್ಲ, ಕಾಂಬೋಡಿಯಾದ್ದು. ಖ್ಮೇರ್ ಭಾಷೆಯಲ್ಲಿ ಇದಕ್ಕೆ ಕೋಹ್ ತ್ರಾಲ್ ಅಂತ ಬೇರೆ ಹೆಸರೇ ಇದೆ. ಗಡಿಯಂಚಿನ ನೆಲ ಅಂದರೆ ಓಡಿಬಂದವರ ನೆಲ. ಚೀನಾದಲ್ಲಿ ಮಿಂಗ್ ವಂಶ ಬಿದ್ದ ಮೇಲೆ ಊರು ಬಿಟ್ಟ ಮಾಕ್ ಕೂ ಅನ್ನೋ ವ್ಯಾಪಾರಿ ಎದುರು ದಡದ ಹಾ ತಿಯೆನ್‌ನಲ್ಲಿ ಪಟ್ಟಣ ಕಟ್ಟಿದ. 1708ರಲ್ಲಿ ವಿಯೆಟ್ನಾಂನ ನುಯೆನ್ ಒಡೆಯರಿಗೆ ನಿಷ್ಠೆ ಒಪ್ಪಿಸಿದ. ದ್ವೀಪವೂ ಅದರ ಜೊತೆಗೇ ಬಂತು. ಭತ್ತಕ್ಕೆ ಹೇಳಿದ ನೆಲವಲ್ಲ ಇದು. ಇದ್ದದ್ದು ಮೀನು, ಮತ್ತು ಪೀಪಾಯಿಗೆ ಬೇಕಾದ ಕಾಡಿನ ಮರ. ಮೀನು ಎರಡು ದಿನಕ್ಕೆ ಕೆಡುತ್ತೆ, ಸಾಸ್ ಕೆಡಲ್ಲ, ದೋಣಿಯಲ್ಲಿ ದೂರ ಹೋಗುತ್ತೆ.

1780ರ ದಶಕದಲ್ಲಿ ಇನ್ನೊಬ್ಬ ಓಡಿಬಂದ. ತಾಯ್ ಸೋನ್ ಬಂಡುಕೋರರ ಕೈಲಿ ಸೋತ ನುಯೆನ್ ಆನ್, ಮತ್ತೆ ಮತ್ತೆ ಈ ದ್ವೀಪದಲ್ಲೇ ತಲೆಮರೆಸಿಕೊಂಡ. ದಾಹದಲ್ಲಿ ಕತ್ತಿ ಚುಚ್ಚಿದ ಕಡೆ ಸಿಹಿನೀರು ಚಿಮ್ಮಿತು ಅಂತ ಕತೆ ಹೇಳ್ತಾರೆ, ಬಾವಿಯನ್ನೂ ತೋರಿಸ್ತಾರೆ. 1802ರಲ್ಲಿ ಇವನೇ ಜಿಯಾ ಲಾಂಗ್ ಹೆಸರಲ್ಲಿ ಇಡೀ ವಿಯೆಟ್ನಾಂನ ಚಕ್ರವರ್ತಿಯಾದ. ಇಲ್ಲೊಂದು ತಮಾಷೆ ಇದೆ. ಇವತ್ತು ದ್ವೀಪದಲ್ಲಿ ಪ್ರವಾಸಿಗರು ಸಾಲು ನಿಂತು ತಿನ್ನೋ ತಿಂಡಿ 'ಬುನ್ ಕ್ವಾಯ್', ಅಂದರೆ ಕಲಕೋ ಶಾವಿಗೆ. ಅಲ್ಲೇ ಒತ್ತಿದ ಅಕ್ಕಿ ಶಾವಿಗೆ, ಸಿಗಡಿ ಮತ್ತು ಮೀನಿನ ಮುದ್ದೆ, ಬಿಸಿ ಸಾರು. ಉಪ್ಪು, ಸಕ್ಕರೆ, ಖಾರ, ಪುಟ್ಟ ಕಿತ್ತಳೆಯಂಥ ಹುಳಿಹಣ್ಣಿನ ರಸ ಹಾಕಿ ಚಟ್ನಿಯನ್ನು ನೀವೇ ಕಲಕಿಕೊಳ್ಳಬೇಕು. ಇದನ್ನು ದ್ವೀಪಕ್ಕೆ ತಂದವರು ಬಿನ್ ದಿನ್ ಪ್ರಾಂತ್ಯದವರು ಅಂತಾರೆ. ಬಿನ್ ದಿನ್ ಯಾರ ತವರು? ಅದೇ ತಾಯ್ ಸೋನ್ ಬಂಡುಕೋರರದು! ರಾಜ ಯಾರಿಗೆ ಹೆದರಿ ಓಡಿದನೋ ಅವರ ಊರಿನ ಶಾವಿಗೆ, ಅವನು ಅಡಗಿದ್ದ ದ್ವೀಪದಲ್ಲೇ.

ಆಮೇಲೆ ಫ್ರೆಂಚರು. 1867ರಲ್ಲಿ ಹಾ ತಿಯೆನ್ ಅವರ ಕೈಗೆ ಹೋಯ್ತು. ನುಯೆನ್ ತ್ರುಂಗ್ ತ್ರುಕ್ ಅನ್ನೋ ಬೆಸ್ತರ ಮನೆಯ ಹುಡುಗ 1861ರಲ್ಲೇ ಅವರ ಯುದ್ಧನೌಕೆಯೊಂದನ್ನು ಸುಟ್ಟಿದ್ದ. 1868ರಲ್ಲಿ ರಾಚ್ ಯಾ ಕೋಟೆ ಹಿಡಿದ, ಅಲ್ಲಿಂದ ಹಿಮ್ಮೆಟ್ಟಿ ಈ ದ್ವೀಪಕ್ಕೆ ಬಂದ. ಇಲ್ಲೇ ಸಿಕ್ಕಿಬಿದ್ದ. ಅದೇ ವರ್ಷ ಅಕ್ಟೋಬರ್ 27ರಂದು ಅವನ ತಲೆ ಕಡಿದರು. ದ್ವೀಪದಲ್ಲಿ ಅವನಿಗೆ ಗುಡಿ ಇದೆ. ಫ್ರೆಂಚರು ಮೊದಲು ಈ ಸಾಸಿನ ವಾಸನೆಗೆ ಮೂಗು ಮುಚ್ಚಿಕೊಂಡರು, ಆಮೇಲೆ ಅವರದೇ ಪಾಸ್ಟರ್ ಇನ್‌ಸ್ಟಿಟ್ಯೂಟ್‌ನ ವಿಜ್ಞಾನಿಗಳು ಕೂತು ಅದರ ರಸಾಯನ ಅಧ್ಯಯನ ಮಾಡಿದರು.

ದಕ್ಷಿಣ ತುದಿಯ ಆನ್ ತೋಯ್ ಕಡೆಗೆ ಹೋದರೆ ಊಟದ ಮಾತು ಗಂಟಲಲ್ಲಿ ನಿಲ್ಲುತ್ತೆ. ಚೀನಾದಲ್ಲಿ ಮಾವೋ ಪಡೆಗೆ ಸೋತ ರಾಷ್ಟ್ರೀಯವಾದಿ ಸೈನಿಕರು, ಸುಮಾರು 30 ಸಾವಿರ ಮಂದಿ, ಗಡಿ ದಾಟಿ ಬಂದಾಗ ಫ್ರೆಂಚರು ಅವರನ್ನು ಈ ದ್ವೀಪದಲ್ಲಿ ಕೂಡಿಹಾಕಿದರು. 1953ರಲ್ಲಿ ಅವರು ತೈವಾನ್‌ಗೆ ಹೋದರು. ಆ ಜಾಗದಲ್ಲಿ ತೆಂಗಿನಮರದ ಹೆಸರಿನ ಸೆರೆಮನೆ ಬಂತು. ಅಮೆರಿಕದ ಯುದ್ಧದ ಕಾಲದಲ್ಲಿ, 1967ರಿಂದ 1973ರವರೆಗೆ, ದಕ್ಷಿಣ ವಿಯೆಟ್ನಾಂ ಸರ್ಕಾರ ಇಲ್ಲಿ ಹತ್ತಾರು ಸಾವಿರ ಯುದ್ಧಕೈದಿಗಳನ್ನು ಇಟ್ಟಿತ್ತು. ಬಿಸಿಲಲ್ಲಿ ಕೂರಿಸುತ್ತಿದ್ದ ಮುಳ್ಳುತಂತಿಯ 'ಹುಲಿ ಪಂಜರ'ಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ. ಬೆಳಿಗ್ಗೆ ಅದನ್ನು ನೋಡಿ ಮಧ್ಯಾಹ್ನ ಪೀಪಾಯಿ ಮನೆ ನೋಡೋದು ಅಲ್ಲಿನ ಟೂರ್ ಪ್ಯಾಕೇಜುಗಳ ಮಾಮೂಲು. ಒಂದೇ ದಿನ ಎರಡನ್ನೂ ನೋಡಬೇಡಿ ಅಂತ ನನ್ನ ಸಲಹೆ.

1975ರ ಏಪ್ರಿಲ್ 30ಕ್ಕೆ ಸೈಗಾನ್ ಬಿತ್ತು, ಯುದ್ಧ ಮುಗೀತು ಅಂದುಕೊಂಡರು. ಕೆಲವೇ ದಿನದಲ್ಲಿ ಕಾಂಬೋಡಿಯಾದ ಖ್ಮೇರ್ ರೂಜ್ ಪಡೆ ಈ ದ್ವೀಪದ ಮೇಲೆ ದಾಳಿ ಮಾಡಿತು. ಇನ್ನೂ ದಕ್ಷಿಣಕ್ಕಿರೋ ಥೋ ಚೂ ದ್ವೀಪದಿಂದ ಸುಮಾರು 500 ಜನರನ್ನು ಹಿಡಿದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಮೀನು ಹಿಡಿಯೋ ಕುಟುಂಬಗಳು, ಮಕ್ಕಳು. ಇತ್ತ ಫು ಕ್ವೊಕ್‌ನ ಖಾಸಗಿ ಪೀಪಾಯಿ ಮನೆಗಳು ಹೊಸ ಸರ್ಕಾರದ ಸುಪರ್ದಿಗೆ ಹೋದವು. ಕಸುಬುದಾರರಲ್ಲಿ ಕೆಲವರು ದೋಣಿ ಹತ್ತಿ ದೇಶ ಬಿಟ್ಟರು. 1986ರ ಆರ್ಥಿಕ ಸುಧಾರಣೆ ಬಂದ ಮೇಲೆ ಮನೆತನಗಳು ಮತ್ತೆ ಪೀಪಾಯಿ ತುಂಬಿಸಲು ಶುರು ಮಾಡಿದವು.

ಆದರೆ ಅಷ್ಟರಲ್ಲಿ ಹೆಸರು ಕೈ ತಪ್ಪಿತ್ತು. ಅಮೆರಿಕಕ್ಕೆ ವಲಸೆ ಹೋದ ವಿಯೆಟ್ನಾಮಿಯರಿಗೆ ಊರಿನ ಸಾಸ್ ಬೇಕು, ವಿಯೆಟ್ನಾಂ ಮೇಲೆ ಅಮೆರಿಕದ ವ್ಯಾಪಾರ ನಿರ್ಬಂಧ. ಆ ಜಾಗವನ್ನು ಥಾಯ್ಲೆಂಡಿನಲ್ಲಿ ತಯಾರಾದ ಬಾಟಲಿಗಳು ತುಂಬಿದವು, ಲೇಬಲ್ ಮೇಲೆ ಮಾತ್ರ 'ಫು ಕ್ವೊಕ್'. ಅಲ್ಲಿ ಬೆಳೆದ ಮಕ್ಕಳಿಗೆ ಅದೇ ಅಸಲಿ ರುಚಿ. 2001ರಲ್ಲಿ ವಿಯೆಟ್ನಾಂ ಈ ಹೆಸರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. 2012ರಲ್ಲಿ ಯುರೋಪಿಯನ್ ಒಕ್ಕೂಟವೂ ಕೊಟ್ಟಿತು, ನಮ್ಮ ಮೈಸೂರು ಮಲ್ಲಿಗೆಗೆ ಜಿಐ ಸಿಕ್ಕ ಹಾಗೆ. ಈಗ ಅಲ್ಲಿ ಆ ಹೆಸರು ಹಾಕಬೇಕಾದರೆ ಸಾಸ್ ದ್ವೀಪದಲ್ಲೇ ತಯಾರಾಗಿರಬೇಕು.

2016ರ ಅಕ್ಟೋಬರ್‌ನಲ್ಲಿ ಇನ್ನೊಂದು ಪೆಟ್ಟು. ಗ್ರಾಹಕರ ಸಂಘಟನೆಯೊಂದು ಸಾಸ್‌ಗಳನ್ನು ಪರೀಕ್ಷೆ ಮಾಡಿಸಿ, ಮೂರರಲ್ಲಿ ಎರಡು ಪಾಲು ಮಾದರಿಗಳಲ್ಲಿ ಆರ್ಸೆನಿಕ್ ಮಿತಿ ಮೀರಿದೆ ಅಂತ ಪ್ರಕಟಿಸಿತು. ಪತ್ರಿಕೆಗಳು ಎತ್ತಿಕೊಂಡವು. ಸತ್ವ ಹೆಚ್ಚಿರೋ ಸಾಸ್‌ನಲ್ಲೇ ವಿಷವೂ ಹೆಚ್ಚು ಅಂದಾಗ ಪೆಟ್ಟು ಬಿದ್ದದ್ದು ಪೀಪಾಯಿ ಮನೆಗಳಿಗೆ. ಪರಿಮಳ, ಬಣ್ಣ ಸೇರಿಸಿ ತೆಳು ಮಾಡಿ ಮಾರೋ ಕಾರ್ಖಾನೆ ಸಾಸ್ ಪಾರಾಯ್ತು. ನಿಜ ಏನಂದರೆ ಸಮುದ್ರದ ಮೀನಿನಲ್ಲಿ ಸಹಜವಾಗಿ ಇರೋದು ಸಾವಯವ ಆರ್ಸೆನಿಕ್, ಅದು ಮೈಗೆ ಹಾನಿ ಮಾಡಲ್ಲ. ವಿಷಕಾರಿಯಾದದ್ದು ನಿರವಯವ ರೂಪ. ಪರೀಕ್ಷೆ ಎರಡನ್ನೂ ಕೂಡಿಸಿ ಲೆಕ್ಕ ಹಾಕಿತ್ತು. ಆರೋಗ್ಯ ಇಲಾಖೆ ಸಾಸ್ ಸುರಕ್ಷಿತ ಅಂತ ಹೇಳಿತು, 50 ಸುದ್ದಿಸಂಸ್ಥೆಗಳಿಗೆ ದಂಡ ಬಿತ್ತು. ನಾವೂ ಸುದ್ದಿಮನೆಯವರೇ, ಈ ಭಾಗ ಓದುವಾಗ ಸ್ವಲ್ಪ ಮುಜುಗರ ಆಗುತ್ತೆ. ಅಷ್ಟು ದಿನದಲ್ಲಿ ವಾಪಸ್ ಬಂದ ಬಾಟಲಿಗಳ ನಷ್ಟ ಯಾರೂ ಕಟ್ಟಿಕೊಡಲಿಲ್ಲ.

ಮತ್ತೆ ಮೇಜಿಗೆ ಬರೋಣ. ದ್ವೀಪದಲ್ಲಿ ಒಂದೇ ಊಟ ಮಾಡಬೇಕು ಅಂದರೆ ನಾನು ಹೇಳೋದು 'ಗೋಯ್ ಕಾ ಚಿಕ್'. ನಮ್ಮ ಬೂತಾಯಿಯ ಹತ್ತಿರದ ನೆಂಟ ಮೀನು. ಮುಳ್ಳು ಬಿಡಿಸಿ, ನಿಂಬೆರಸದಲ್ಲಿ ಅದ್ದಿ, ತೆಂಗಿನತುರಿ, ಈರುಳ್ಳಿ, ಸೊಪ್ಪುಗಳ ಜೊತೆ ಅಕ್ಕಿ ಹಾಳೆಯಲ್ಲಿ ಸುತ್ತಿ ತಿನ್ನೋದು. ಬೆಂಕಿ ಸೋಕಿರಲ್ಲ, ಹಾಗಾಗಿ ಜನ ತುಂಬಿದ, ಮೀನು ಬೇಗ ಖಾಲಿಯಾಗೋ ಜಾಗದಲ್ಲೇ ತಿನ್ನಿ. ಸುತ್ತಿದ್ದನ್ನು ಅದ್ದೋದು ಮತ್ತೆ ಅದೇ ಬಟ್ಟಲಿಗೆ, ಈ ಸಲ ಕಡಲೆಬೀಜದ ಪುಡಿ ಸೇರಿಸಿರುತ್ತಾರೆ.

ಸಸ್ಯಾಹಾರಿಗಳಿಗೆ ಹೇಳ್ತೀನಿ ಅಂದಿದ್ದೆನಲ್ಲ. ತರಕಾರಿ ಪಲ್ಯ ಅಂತ ಕೊಟ್ಟದ್ದರಲ್ಲೂ ನುವೊಕ್ ಮಾಮ್ ಇರಬಹುದು, ಅವರಿಗೆ ಅದು ಉಪ್ಪಿದ್ದ ಹಾಗೆ. 'ಆನ್ ಚಾಯ್' ಅನ್ನಿ. ಬೌದ್ಧರು ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಮಾಂಸ ಮೀನು ಬಿಡೋ ಪದ್ಧತಿ ಇರೋದರಿಂದ ಆ ಮಾತು ಎಲ್ಲರಿಗೂ ಅರ್ಥ ಆಗುತ್ತೆ. ಸೋಯಾ ಸಾಸ್ ತಂದಿಡ್ತಾರೆ.

ವಿದೇಶಿಯರಿಗೆ ದ್ವೀಪಕ್ಕೆ 30 ದಿನ ವೀಸಾ ಬೇಕಿಲ್ಲ, ಹಾಗಾಗಿ ಭಾರತದಿಂದಲೂ ಜನ ಹೋಗ್ತಾರೆ. ಕಡಲಂಚಿನುದ್ದಕ್ಕೂ ರೆಸಾರ್ಟ್‌ಗಳು ಎದ್ದಿವೆ. ಏಡಿ, ಸಿಗಡಿಗೆ ಬೇಡಿಕೆ ಏರುತ್ತಿದೆ, ಆಂಚೊವಿ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆ ಸಿಗ್ತಿದೆ ಅಂತ ಪೀಪಾಯಿ ಮನೆಯವರ ದೂರು. ಸಣ್ಣ ಕಣ್ಣಿನ ಬಲೆಗಳು ಮರಿಯನ್ನೂ ಬಾಚ್ತಾವೆ. ಪೀಪಾಯಿ ಇದೆ, ಕಾನೂನು ಕೊಟ್ಟ ಹೆಸರಿದೆ, ತುಂಬೋಕೆ ಮೀನು ಸಾಲುತ್ತಿಲ್ಲ.

ವಾಪಸ್ ಬರುವಾಗ ಒಂದು ಬಾಟಲಿ ತರೋಣ ಅಂತ ಆಸೆ ಆಗುತ್ತೆ. ಮೊದಲು ನಿಮ್ಮ ವಿಮಾನದವರನ್ನು ಕೇಳಿ. ಒಡೆದರೆ ಇಡೀ ವಿಮಾನ ನಾರುತ್ತೆ ಅಂತ ಹಲವರು ಫಿಶ್ ಸಾಸ್ ಹತ್ತಿಸಿಕೊಳ್ಳೋದೇ ಇಲ್ಲ. ಆಗ ಒಂದೇ ದಾರಿ, ಅಲ್ಲಿದ್ದಾಗಲೇ ಬಟ್ಟಲು ಖಾಲಿ ಮಾಡಿ ಬರೋದು.